ನರ್ಸ್ ಕೆಲಸ ಗೊತ್ತು, ಈಗ ಕಾದಂಬರಿ ಬರೀಬೇಕು ಅಂತಿದ್ದೀರಾ? ಮೊದ್ಲು ಚಾರ್ಟ್ ಬರೆಯೋ ಕೈ ಸ್ವಲ್ಪ ಸಡಿಲ ಆಗ್ಲಿ

ನರ್ಸ್ ಆಗಿದ್ದೆ, ಈಗ ಕಾದಂಬರಿ ಬರೀತೀನಿ ಅಂದ ಕೂಡ್ಲೇ ಎಲ್ಲರೂ ಹೇಳೋದು ಒಂದೇ ಮಾತು, "ಅಯ್ಯೋ ನಿಮಗೇನ್ರೀ, ಕಥೆಗಳು ದಿನಾ ಕಣ್ಣೆದುರಿಗೇ ನಡೀತಿದ್ವಲ್ಲ." ನಾನೂ ಹಾಗೇ ಅಂದ್ಕೊಂಡು ಶುರು ಮಾಡಿದ್ದು. 11 ವರ್ಷ ವಾರ್ಡಲ್ಲಿ ಓಡಾಡಿದ ಮೇಲೆ ಕೂತು ಬರೆದ ಮೊದಲ ಡ್ರಾಫ್ಟನ್ನ ಓದಿದ ಗೆಳತಿ ಹೇಳಿದ್ದೇನು ಗೊತ್ತಾ, "ಚೆನ್ನಾಗಿದೆ ಕಣೇ, ಆದ್ರೆ ಡಿಸ್ಚಾರ್ಜ್ ಸಮ್ಮರಿ ಓದಿದ ಹಾಗಿದೆ." ಎರಡು ದಿನ ಅವಳ ಜೊತೆ ಮಾತಾಡ್ಲಿಲ್ಲ. ಮೂರನೇ ದಿನ ನಾನೇ ಓದಿ ನೋಡ್ದೆ, ಅವಳು ಹೇಳಿದ್ದು ಸರಿ ಇತ್ತು.

ಯಾಕೆ ಹಾಗಾಯ್ತು ಅಂದ್ರೆ ನಮ್ಮತ್ರ ಇರೋದು ಕೇಸುಗಳು, ಕಥೆಗಳಲ್ಲ. ಪೇಷೆಂಟ್ ಮನೆಗೆ ಹೋದ್ರೆ, ಬೇರೆ ಕಡೆ ರೆಫರ್ ಆದ್ರೆ ಅಥವಾ ತೀರ್ಕೊಂಡ್ರೆ ಕೇಸು ಮುಗೀತು, ಬೆಡ್ ಒರೆಸಿ ಹೊಸ ಶೀಟ್ ಹಾಕಿದ್ರೆ ಆಯ್ತು. ಕಾದಂಬರಿ ಹಾಗೆ ಮುಗಿಯಲ್ಲ, ಎಷ್ಟೋ ಸಲ ಆ ಶೀಟ್ ಹಾಕಿದ ಮೇಲೇ ಶುರುವಾಗುತ್ತೆ. ಈಗಿನ ಕಾಲದ ಹೆಣ್ಣುಮಕ್ಕಳ ಬದುಕಿನ ಕಾದಂಬರಿ ಬರೆಯೋ ಆಸೆ ಇರೋ ನರ್ಸುಗಳಿಗೆ ನಾನು ಎಡವಿ ಎಡವಿ ಕಲ್ತಿದ್ದನ್ನ ಇಲ್ಲಿ ಬರೀತಿದ್ದೀನಿ, ಕ್ರಮ ಹಿಂದೆಮುಂದೆ ಆದ್ರೆ ಬೇಜಾರ್ ಮಾಡ್ಕೋಬೇಡಿ.

ಚಾರ್ಟ್ ಭಾಷೆ ಬಿಡಿಸ್ಕೊಳ್ಳೋದು

ಟ್ರೈನಿಂಗಲ್ಲಿ ನಮ್ಮ ತಲೆಗೆ ಒಂದು ಮಾತು ತುಂಬಿರ್ತಾರೆ, ಬರೆದಿಲ್ಲ ಅಂದ್ರೆ ಮಾಡಿಲ್ಲ ಅಂತ. ಕೊಟ್ಟ ಮಾತ್ರೆ, ಬದಲಿಸಿದ ಡ್ರೆಸ್ಸಿಂಗ್, ಹಾಕಿದ ಡ್ರಿಪ್ ಎಲ್ಲಾ ಟೈಮ್ ಸಮೇತ ದಾಖಲಾಗ್ಬೇಕು. ಆಸ್ಪತ್ರೆಗೆ ಅದು ಪ್ರಾಣ ಉಳಿಸೋ ಅಭ್ಯಾಸ, ಕಾದಂಬರಿಗೆ ಮಾತ್ರ ಪ್ರಾಣ ತೆಗೆಯೋ ಅಭ್ಯಾಸ. ನನ್ನ ಮೊದಲ ಡ್ರಾಫ್ಟಲ್ಲಿ ನಾಯಕಿ ಎದ್ದಿದ್ದು, ಹಲ್ಲುಜ್ಜಿದ್ದು, ಬಸ್ ಹತ್ತಿದ್ದು, ಇಳಿದಿದ್ದು ಎಲ್ಲಾ ಇತ್ತು, ಯಾವ್ದನ್ನೂ ಬಿಡೋಕೆ ಧೈರ್ಯ ಇರ್ಲಿಲ್ಲ, ಯಾರೋ ಆಡಿಟ್‌ಗೆ ಬರ್ತಾರೆ ಅನ್ನೋ ಹಾಗೆ.

ಇನ್ನೊಂದು ರೋಗ "ಲಾಯಿತು" ರೋಗ. ಔಷಧಿ ಕೊಡಲಾಯಿತು, ಸಂಬಂಧಿಕರಿಗೆ ತಿಳಿಸಲಾಯಿತು, ಡಾಕ್ಟರನ್ನು ಕರೆಯಲಾಯಿತು. ಯಾರು ಕೊಟ್ರು, ಯಾವ ಮುಖ ಇಟ್ಕೊಂಡು ತಿಳಿಸಿದ್ರು, ಕರೆಯೋ ಮುಂಚೆ ಎಷ್ಟು ಹೊತ್ತು ಹಿಂದೆಮುಂದೆ ನೋಡಿದ್ರು, ಅದೆಲ್ಲ ಮಾಯ. ಡ್ರಾಫ್ಟ್ ಮುಗಿದ ಮೇಲೆ ಒಂದ್ಸಲ ಕಂಪ್ಯೂಟರಲ್ಲಿ "ಲಾಯಿತು" ಅಂತ ಹುಡುಕಿ, ಸಿಕ್ಕಿದ ಪ್ರತಿ ಜಾಗದಲ್ಲೂ ಒಬ್ಬ ಮನುಷ್ಯನನ್ನ ತಂದು ಕೂರಿಸಿ. ನಂದ್ರಲ್ಲಿ 60ಕ್ಕಿಂತ ಜಾಸ್ತಿ ಸಿಕ್ಕಿತ್ತು, ನಾಚಿಕೆ ಆಯ್ತು.

ಅಭ್ಯಾಸಕ್ಕೆ ಹೀಗೆ ಮಾಡಿ ನೋಡಿ. ಇಲ್ಲದೇ ಇರೋ ಒಬ್ಬ ಪೇಷೆಂಟನ್ನ ಊಹಿಸ್ಕೊಂಡು ನಾಲ್ಕು ಸಾಲು ನೈಟ್ ನೋಟ್ಸ್ ಬರೀರಿ:

"ರಾತ್ರಿ 2:10. ರೋಗಿ ಎಚ್ಚರವಾಗಿದ್ದಾರೆ. ನೋವು 10ಕ್ಕೆ 4. ಪಲ್ಸ್ 88, ಬಿಪಿ 130/80. ಮಗಳು ಪಕ್ಕದಲ್ಲಿದ್ದಾರೆ."

ಈಗ ಚಾರ್ಟಲ್ಲಿ ಕಾಲಂ ಇರೋದನ್ನೆಲ್ಲ ಹೊಡೆದು ಹಾಕಿ. ಪಲ್ಸಿಗೆ ಕಾಲಂ ಇದೆ, ನೋವಿಗೂ ಇದೆ. ಕೊನೆಗೆ ಉಳಿಯೋದು ಮಗಳು. ಅವಳಿಗೆ ಕಾಲಂ ಇಲ್ಲ. ರಾತ್ರಿ ಎರಡು ಗಂಟೆಗೆ ಯಾಕೆ ಬಂದಳು, ಬಂದು ಒಂದು ಗಂಟೆ ಆದ್ರೂ ಹೆಗಲಿಂದ ಬ್ಯಾಗ್ ಯಾಕೆ ಇಳಿಸಿಲ್ಲ, ಫೋನ್ ಮೂರು ಸಲ ಹೊಳೆದ್ರೂ ಯಾಕೆ ನೋಡ್ಲಿಲ್ಲ, ಅಮ್ಮನ ಕೈ ಹಿಡಿಯೋಕೆ ಹೋಗಿ ಬೆಡ್‌ಶೀಟ್ ಸರಿ ಮಾಡಿದ್ದು ಯಾಕೆ. ನೀವು ಬರೀಬೇಕಾದ ಕಾದಂಬರಿ ಆ ಬ್ಯಾಗಲ್ಲಿದೆ ಕಣ್ರೀ. ನಮಗೆ ನೋಡೋ ಕಣ್ಣು ಈಗಾಗ್ಲೇ ಇದೆ, ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಪೇಷೆಂಟ್ ಮುಖದ ಬಣ್ಣ, ಉಸಿರಾಟ, ಬೆವರು, ಪಕ್ಕದಲ್ಲಿ ಕೂತವರು ಜಗಳ ಆಡಿದ್ದಾರಾ ಇಲ್ವಾ ಎಲ್ಲಾ ಗೊತ್ತಾಗ್ಬಿಡುತ್ತೆ. ಆದ್ರೆ ಬರೆಯೋವಾಗ ಅರ್ಧ ಮಾತ್ರ ಬರೆಯೋ ತರಬೇತಿ ಆಗಿದೆ, ಆ ಇನ್ನರ್ಧವನ್ನೇ ಈಗ ಹೊರಗೆ ತರ್ಬೇಕು.

ಗುಟ್ಟು ಗುಟ್ಟಾಗೇ ಇರ್ಬೇಕು

ಇದನ್ನ ದಯವಿಟ್ಟು ಹಾರಿಸ್ಕೊಂಡು ಹೋಗ್ಬೇಡಿ. ಹೆಸರು ಬದಲಾಯಿಸಿದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಸಾಕಾಗಲ್ಲ. ಪೇಷೆಂಟ್ ಮಾಹಿತಿಯನ್ನ ಗುಟ್ಟಾಗಿ ಇಡೋಕೆ ಇರೋ ಅಮೆರಿಕದ ಹಿಪಾ ಕಾಯ್ದೆ ಪ್ರಕಾರ ಒಂದು ದಾಖಲೆಯನ್ನ ಗುರುತು ಸಿಗದ ಹಾಗೆ ಮಾಡೋಕೆ ಒಂದು ದಾರಿ ಅಂದ್ರೆ 18 ಬಗೆಯ ವಿವರ ತೆಗೀಬೇಕು, ಅದ್ರಲ್ಲಿ ಹೆಸರು ಬರೀ ಒಂದು. ಅಡ್ಮಿಟ್ ಆದ ತಾರೀಕು, ಊರು, ಫೋಟೋ, 89 ದಾಟಿದ ವಯಸ್ಸು ಕೂಡ ಆ ಪಟ್ಟಿಲಿದೆ. ನೀವು ಆ ದೇಶದಲ್ಲಿ ಇಲ್ದೇ ಇರಬಹುದು, ಆದ್ರೂ ಆ ಪಟ್ಟಿಯ ಹಿಂದಿರೋ ಲೆಕ್ಕಾಚಾರ ಕಾದಂಬರಿಕಾರರಿಗೆ ಚೆನ್ನಾಗಿ ಪಾಠ ಹೇಳುತ್ತೆ, ಒಂದೊಂದೇ ವಿವರ ನೋಡಿದ್ರೆ ಏನೂ ಅಲ್ಲ, ಮೂರು ಒಟ್ಟಿಗೆ ಸೇರಿದ್ರೆ ಮನುಷ್ಯ ಎದ್ದು ನಿಲ್ತಾನೆ. ಅಪರೂಪದ ಕಾಯಿಲೆ, ಅವಳಿ ಮಕ್ಕಳು, ಮದುವೆ ಹಿಂದಿನ ದಿನ ಅಡ್ಮಿಟ್, ಇಷ್ಟು ಸಾಕು, ಅವರ ಚಿಕ್ಕಮ್ಮನ ಮಗಳಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತೆ.

ಪೇಷೆಂಟ್ ತೀರ್ಕೊಂಡಿದ್ರೆ? ಆಗ್ಲೂ ಗುಟ್ಟು ಕಾಯೋ ಹೊಣೆ ಮುಗಿಯಲ್ಲ. ಜೊತೆಗೆ ಕೆಲಸ ಮಾಡಿದವರ ವಿಷ್ಯ ಕೂಡ ಅಷ್ಟೇ, ಆ ಸಿಡುಕಿನ ಸೀನಿಯರ್ ಸಿಸ್ಟರನ್ನ ಹಾಗ್ಹಾಗೇ ಎತ್ತಿ ಪುಸ್ತಕಕ್ಕೆ ಹಾಕೋ ಚಪಲ ನನಗೂ ಇತ್ತು, ನನ್ನ ಡ್ರಾಫ್ಟ್ ಓದಿದ ಹಳೇ ಸಹೋದ್ಯೋಗಿ ಒಬ್ಬಳು ಫೋನ್ ಮಾಡಿ ಒಂದು ಪಾತ್ರದ ಬಗ್ಗೆ "ಇದು ಅವರೇ ತಾನೇ" ಅಂತ ನಕ್ಕಾಗ ಹೊಟ್ಟೆಲಿ ತಣ್ಣೀರು ಬಿದ್ದ ಹಾಗಾಯ್ತು. ಆ ಪಾತ್ರವನ್ನ ಪೂರ್ತಿ ಕಿತ್ತು ಹಾಕ್ದೆ. ಪುಸ್ತಕದ ಮೊದಲಲ್ಲಿ "ಇಲ್ಲಿನ ಪಾತ್ರಗಳು ಕಾಲ್ಪನಿಕ" ಅಂತ ಒಂದು ಸಾಲು ಹಾಕಿದ ಮಾತ್ರಕ್ಕೆ ನಿಜವಾಗ್ಲೂ ನಡೆದಿದ್ದು ಕಾಲ್ಪನಿಕ ಆಗ್ಬಿಡಲ್ಲ.

ನಾನು ಈಗ ಹೇಗೆ ಮಾಡ್ತೀನಿ ಅಂದ್ರೆ, ಮನುಷ್ಯರನ್ನ ತಗೊಳ್ಳಲ್ಲ, ಪ್ರಶ್ನೆ ತಗೋತೀನಿ. ಯಾವ್ದೋ ಹಳೇ ಘಟನೆ ಮನಸ್ಸಲ್ಲಿ ಉಳಿದಿದ್ರೆ, ಅದು ಯಾಕೆ ಉಳಿದಿದೆ ಅಂತ ಒಂದೇ ಪ್ರಶ್ನೆಯಾಗಿ ಬರ್ಕೋತೀನಿ. "ಇಷ್ಟ ಇಲ್ಲದ ಅಪ್ಪನಿಗೆ ಮೈ ಒರೆಸೋ ಮಗಳಿಗೆ ಏನನ್ಸುತ್ತೆ?" ಅಷ್ಟೇ. ಆಮೇಲೆ ಘಟನೆ ಮರೆತು ಆ ಪ್ರಶ್ನೆಗೆ ಹೊಸ ಮನೆ, ಹೊಸ ವಯಸ್ಸು, ಹೊಸ ಕಾಯಿಲೆ, ಹೊಸ ಜಗಳ ಕಟ್ತೀನಿ. ನಿಮ್ಮದು ಅಂತ ಇರೋದು ಆ ಪ್ರಶ್ನೆ ಒಂದೇ, ಉಳಿದಿದ್ದೆಲ್ಲ ಅವರದ್ದು. ಡ್ಯೂಟಿ ಟೈಮಲ್ಲಿ ಪೇಷೆಂಟ್ ಬಗ್ಗೆ ಫೋನಲ್ಲಿ ನೋಟ್ಸ್ ಮಾಡ್ಕೊಳ್ಳೋದು, ವಾರ್ಡಲ್ಲಿ ಫೋಟೋ ತೆಗೆಯೋದು ಇವೆಲ್ಲ ಬೇಡವೇ ಬೇಡ. ಇನ್ನೂ ಕೆಲಸದಲ್ಲಿ ಇದ್ದೀರ ಅಂದ್ರೆ ನಿಮ್ಮ ಅಪಾಯಿಂಟ್‌ಮೆಂಟ್ ಆರ್ಡರನ್ನೂ ಸೋಶಿಯಲ್ ಮೀಡಿಯಾ ನಿಯಮವನ್ನೂ ಒಂದ್ಸಲ ತೆಗೆದು ಓದಿ, ಹೊರಗಿನ ಕೆಲಸದ ಬಗ್ಗೆ ಷರತ್ತು ಇದ್ರೆ ಅದು ಪುಸ್ತಕ ಬಂದ ಮೇಲೆ ಗೊತ್ತಾಗೋದು ಬೇಡ.

ನಾಯಕಿ ಯಾರು?

ಪ್ರೇಮಕಥೆಲಿ ಪ್ರೀತಿನೇ ಬೆನ್ನೆಲುಬು, ಅದು ಕೂಡಿ ಬರುತ್ತೆ ಅಂತ ನಂಬ್ಕೊಂಡೇ ಓದುಗರು ಕೂತಿರ್ತಾರೆ. ನಾವು ಬರೆಯೋದ್ರಲ್ಲಿ ಬೆನ್ನೆಲುಬು ಅಂದ್ರೆ ಆ ಹೆಂಗಸು ಒಳಗೇ ಬದಲಾಗೋದು. ಪ್ರೀತಿ ಇರಬಹುದು, ಮದುವೆ ಮುರಿಯಬಹುದು, ಆದ್ರೆ ಆ ಗಂಡಸಿನ ಪಾತ್ರವನ್ನ ಪೂರ್ತಿ ತೆಗೆದ್ರೂ ಕಥೆ ನಿಲ್ಬೇಕು. ಬಿದ್ದೋದ್ರೆ ನೀವು ಬರೆದಿರೋದು ಪ್ರೇಮಕಥೆ, ಅದೂ ತಪ್ಪಲ್ಲ, ಆದ್ರೆ ಏನು ಬರೀತಿದ್ದೀರ ಅಂತ ನಿಮಗೆ ಗೊತ್ತಿರಲಿ.

ನಾಯಕಿ ನರ್ಸೇ ಆಗಿರಬೇಕು ಅಂತೇನಿಲ್ಲ. ಆದ್ರೂ ನರ್ಸ್ ಮಾಡ್ತೀರ ಅಂದ್ರೆ ಒಂದೇ ಕೇಳ್ಕೊಳ್ಳೋದು, ದೇವತೆ ಮಾಡ್ಬೇಡಿ. ಬಿಳಿ ಬಟ್ಟೆ, ಮುಗುಳ್ನಗೆ, ಸೇವೆ, ತ್ಯಾಗ... ಇವನ್ನ ನಮ್ಮನ್ನ ನೋಡದೇ ಇರೋರು ಬೇಕಾದಷ್ಟು ಬರೆದಿದ್ದಾರೆ. ಕಾಲು ಊದ್ಕೊಂಡಿರೋ, ಬಾತ್ರೂಮಿಗೆ ಹೋಗೋಕೂ ಟೈಮ್ ಸಿಗದ, ಕರೆ ಗಂಟೆ ಹನ್ನೆರಡನೇ ಸಲ ಬಾರಿಸಿದವರ ಮೇಲೆ ಮನಸ್ಸಲ್ಲೇ ಶಾಪ ಹಾಕಿ ಆಮೇಲೆ ಅದಕ್ಕೇ ಅತ್ತ ಒಬ್ಬಳನ್ನ ಬರೀರಿ.

ಒಂದು ಉದಾಹರಣೆ ಕಟ್ಟೋಣ. 43 ವರ್ಷದ ವಾರ್ಡ್ ಇನ್‌ಚಾರ್ಜ್. ಮೂರು ತಿಂಗಳ ಹಿಂದೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾಳೆ, ಮನೇಲಿ ಯಾರಿಗೂ ಹೇಳಿಲ್ಲ, ಈಗ್ಲೂ ದಿನಾ ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡು ಹೊರಡ್ತಾಳೆ. ಇದು ಬರೀ ಸನ್ನಿವೇಶ, ಇನ್ನೂ ಕಥೆ ಆಗಿಲ್ಲ. ಇದಕ್ಕೆ ಮೂರು ಪ್ರಶ್ನೆ ಕೇಳಿ. ಮೇಲ್ನೋಟಕ್ಕೆ ಅವಳಿಗೆ ಏನು ಬೇಕು? ಗುಟ್ಟು ಬಯಲಾಗೋ ಮುಂಚೆ ಬೇರೆ ಕೆಲಸ. ಒಳಗೆ ಯಾವ್ದರಿಂದ ಓಡ್ತಿದ್ದಾಳೆ? ಯಾರಿಗೂ ತನ್ನ ಅಗತ್ಯ ಇಲ್ಲದ ದಿನ ತಾನು ಯಾರು ಅಂತ ಅವಳಿಗೇ ಗೊತ್ತಿಲ್ಲ. ಮೂರನೇದನ್ನ ಎಲ್ಲರೂ ಮರೀತಾರೆ, ಅವಳು ಬದಲಾದ್ರೆ ಯಾರಿಗೆ ನಷ್ಟ? ಇಲ್ಲೇ ನೋಡಿ ಕಥೆ ಹೊತ್ಕೊಳ್ಳೋದು. ಮಲಗಿರೋ ಅಪ್ಪನ ಪೂರ್ತಿ ಜವಾಬ್ದಾರಿಯನ್ನ "ನೀನು ನರ್ಸ್ ಅಲ್ವಾ, ನಿನಗೆ ಗೊತ್ತಾಗುತ್ತೆ" ಅಂತ ಅವಳ ತಲೆಗೆ ಕಟ್ಟಿರೋ ಅಣ್ಣನಿಗೆ ನಷ್ಟ. ತಂಗಿಗೆ ನಷ್ಟ. ನೆಂಟರಲ್ಲಿ ಯಾರಿಗೆ ಜ್ವರ ಬಂದ್ರೂ ಮೊದಲು ನಮಗೇ ಫೋನ್ ಬರುತ್ತಲ್ಲ, ಆ "ನೀನು ನರ್ಸ್ ಅಲ್ವಾ" ಅನ್ನೋ ಒಂದು ಮಾತಿನ ಮೇಲೇ ಒಂದು ಇಡೀ ಕಾದಂಬರಿ ನಿಲ್ಲಿಸಬಹುದು, ಅದು ಬೇರೆ ಯಾರಿಗೂ ನಮ್ಮಷ್ಟು ಗೊತ್ತಿರಲ್ಲ.

ವರ್ಷಗಟ್ಟಲೆ ಅನುಭವ ಇದ್ರೇನೇ ಬರೆಯೋಕಾಗೋದು ಅಂತಾನೂ ಅಂದ್ಕೋಬೇಡಿ. ಲೂಯಿಸಾ ಮೇ ಆಲ್ಕಾಟ್ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಕೊನೇಲಿ ನರ್ಸ್ ಆಗಿ ಸೇರಿ, ಟೈಫಾಯ್ಡ್ ಬಂದು ಕೆಲವೇ ವಾರದಲ್ಲಿ ಮನೆಗೆ ವಾಪಸ್ ಆದ್ರು. ಆಸ್ಪತ್ರೆಯಿಂದ ಬರೆದಿದ್ದ ಪತ್ರಗಳನ್ನ ತಿದ್ದಿ 1863ರಲ್ಲಿ ಪುಸ್ತಕ ಮಾಡಿದ್ರು. ಆದ್ರೆ ಅವರ ಹೆಸರು ಇವತ್ತಿಗೂ ಉಳಿದಿರೋದು 1868ರ "ಲಿಟಲ್ ವಿಮೆನ್" ಕಾದಂಬರಿಯಿಂದ, ಅದ್ರಲ್ಲಿ ಆಸ್ಪತ್ರೆ ಎಲ್ಲೋ ದೂರದಲ್ಲಿದೆ, ಮುಂದೆ ಇರೋದು ಮನೆಯೊಳಗಿನ ನಾಲ್ಕು ಜನ ಅಕ್ಕತಂಗಿಯರು. ವಾರ್ಡಲ್ಲಿ ಕಲ್ತಿದ್ದನ್ನ ವಾರ್ಡ್ ಇಲ್ಲದ ಕಡೆ ಬಳಸೋದು ನನ್ನ ಪ್ರಕಾರ ಹೆಚ್ಚು ಕಷ್ಟ, ಹೆಚ್ಚು ಮಜಾ ಕೂಡ.

ವೈದ್ಯಕೀಯ ವಿವರ ಎಷ್ಟು ಡೋಸ್?

ಕಮ್ಮಿ. ನೀವು ಅಂದ್ಕೊಂಡಿದ್ದಕ್ಕಿಂತ ಕಮ್ಮಿ. ಒಂದು ಪುಟಕ್ಕೆ ಒಂದು ವೈದ್ಯಕೀಯ ಪದ ಸಾಕು ಅನ್ನೋದು ನಾನೇ ಮಾಡ್ಕೊಂಡಿರೋ ನಿಯಮ, ಅದೂ ಓದುಗರಿಗೆ ಸಂದರ್ಭದಿಂದಲೇ ಅರ್ಥ ಆಗೋ ಹಾಗೆ. ಆದ್ರೆ ಇರೋ ಆ ಒಂದು ಸರಿ ಇರ್ಬೇಕು, ಯಾಕಂದ್ರೆ ಬೇರೆಯವರು ತಪ್ಪು ಮಾಡಿದ್ರೆ ಜನ ಕ್ಷಮಿಸ್ತಾರೆ, ನರ್ಸ್ ತಪ್ಪು ಬರೆದ್ರೆ ಬಿಡಲ್ಲ. ಮಾನಿಟರಲ್ಲಿ ಗೆರೆ ಪೂರ್ತಿ ಸಪಾಟಾಗಿದೆ, ಡಾಕ್ಟರ್ ಓಡಿ ಬಂದು ಶಾಕ್ ಕೊಟ್ರು, ಪೇಷೆಂಟ್ ಎದ್ದು ಕೂತ್ರು, ಈ ದೃಶ್ಯ ಸಿನಿಮಾದಲ್ಲಿ ಸಾವಿರ ಸಲ ನೋಡಿದ್ದೀವಿ. ಸಪಾಟು ಗೆರೆಗೆ ಶಾಕ್ ಕೊಡಲ್ಲ ಅಂತ ನಮಗೆ ಗೊತ್ತು, ಶಾಕ್ ಇರೋದು ಹೃದಯ ಅಡ್ಡಾದಿಡ್ಡಿ ಕಂಪಿಸೋ ಕೆಲವು ಲಯಗಳಿಗೆ. ಸಪಾಟಾದ್ರೆ ಎದೆ ಒತ್ತೋದು, ಅಡ್ರಿನಲಿನ್ ಕೊಡೋದು, ಕಾರಣ ಹುಡುಕೋದು. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು.

ಈಗ ಈ ಅಂಕಿಗಳನ್ನ ಪುಸ್ತಕದಲ್ಲಿ ಬರೀಬೇಡಿ! ಒತ್ತೋ ಕೈಗೆ ಏನಾಗುತ್ತೆ ಅದನ್ನ ಬರೀರಿ. ಎರಡು ನಿಮಿಷಕ್ಕೆ ಭುಜ ಬಿದ್ದೋಗುತ್ತೆ, ಅದಕ್ಕೇ ಆಳು ಬದಲಾಗ್ತಾರೆ, ಕೈ ಕೆಳಗೆ ಪಕ್ಕೆಲುಬು ಲಟಕ್ ಅಂದ ಶಬ್ದ ವರ್ಷಾನುಗಟ್ಟಲೆ ಕೈಯಲ್ಲೇ ಉಳ್ಕೊಳ್ಳುತ್ತೆ, ಎಲ್ಲಾ ಮುಗಿದ ಮೇಲೆ ಯಾರೋ ಒಬ್ಬರು ನೆಲದ ಮೇಲಿನ ಹರಿದ ಪ್ಯಾಕೆಟ್‌ಗಳನ್ನ ಬಾಚಬೇಕು. ಆ ಬಾಚೋ ಹೆಂಗಸು ನಿಮ್ಮ ನಾಯಕಿ ಆಗಬಹುದು. ಹಾಗೇ ಪೇಷೆಂಟಿಗೆ ಎಷ್ಟು ಪ್ರಜ್ಞೆ ಇದೆ ಅಂತ ಅಳೆಯೋ ಗ್ಲಾಸ್ಗೋ ಕೋಮಾ ಸ್ಕೇಲಲ್ಲಿ ಅತೀ ಕಮ್ಮಿ ಅಂಕ 3, ಸೊನ್ನೆ ಅಲ್ಲ, ಏನೂ ಪ್ರತಿಕ್ರಿಯೆ ಇಲ್ಲದಿದ್ರೂ 3 ಬರುತ್ತೆ. ಇದನ್ನ ಮಾಹಿತಿ ಅಂತ ಹೇಳಿದ್ರೆ ಬೋರು. "ಮೂರು ಇದೆಯಲ್ಲ ಸಿಸ್ಟರ್, ಅಂದ್ರೆ ಸ್ವಲ್ಪ ಇದೆ ತಾನೇ?" ಅಂತ ಹೆಂಡತಿ ಕೇಳಿದ್ರೆ, ಅದಕ್ಕೆ ಸಿಸ್ಟರ್ ಬಾಯಲ್ಲಿ ಏನೂ ಬರದಿದ್ರೆ, ಅಲ್ಲಿ ಸೀನ್ ಹುಟ್ಟುತ್ತೆ.

ಕೆಲಸ ಬಿಟ್ಟು ವರ್ಷಗಳಾಗಿದ್ರೆ ನೆನಪನ್ನ ನಂಬ್ಬೇಡಿ, ವಿಧಾನಗಳು ಬದಲಾಗ್ತಾ ಇರ್ತವೆ, ಈಗ ಕೆಲಸದಲ್ಲಿ ಇರೋರಿಗೆ ತೋರಿಸಿ.

ಮಾತು

ಹ್ಯಾಂಡೋವರ್ ಕೊಡೋವಾಗ, ಅಂದ್ರೆ ಪೇಷೆಂಟ್ ವಿವರವನ್ನ ಮುಂದಿನವರಿಗೆ ಒಪ್ಪಿಸೋವಾಗ, ಒಂದು ಕ್ರಮ ಇರುತ್ತೆ, ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ಸುತ್ತೆ, ಏನು ಮಾಡ್ಬೇಕು. ನಾಲ್ಕೇ ಮೆಟ್ಟಿಲು, ನೇರ. ಮನೆಯವರು ಹೀಗೆ ಮಾತಾಡಿದ್ದನ್ನ ಎಲ್ಲಾದ್ರೂ ನೋಡಿದ್ದೀರಾ? ಅವರು ಹಿನ್ನೆಲೆ ಹೇಳ್ತಾನೇ ಇರ್ತಾರೆ, ಈಗ ಏನಾಗಿದೆ ಅನ್ನೋದು ಬಾಯಿಗೇ ಬರಲ್ಲ. ಸಂಭಾಷಣೆ ಬರೆಯೋಕೆ ನನ್ನ ಉಪಾಯ ಏನಂದ್ರೆ, ಮೊದಲು ಹ್ಯಾಂಡೋವರ್ ಥರ ಬರ್ಕೋತೀನಿ: "ನನಗೆ ಸಾಕಾಗಿದೆ, ಹತ್ತು ವರ್ಷದಿಂದ ನಾನೊಬ್ಬಳೇ ನೋಡ್ತಿದ್ದೀನಿ, ಇನ್ನು ನನ್ನಿಂದ ಆಗಲ್ಲ, ನೀನು ಕರ್ಕೊಂಡು ಹೋಗು." ಆಮೇಲೆ ಈ ನಾಲ್ಕೂ ಸಾಲು ಅಳಿಸಿ, ಇವನ್ನ ಹೇಳದೆ ಇದೇ ವಿಷ್ಯ ಮಾತಾಡ್ಸ್ತೀನಿ. ಆಗ ಬರೋದು, "ಅಣ್ಣ, ಅಪ್ಪನ ಕನ್ನಡಕ ನಿನ್ನ ಕಾರಲ್ಲೇ ಉಳೀತಾ?" ಅನ್ನೋ ಥರದ್ದು.

ಇನ್ನೊಂದು, ಜನ ದೊಡ್ಡ ಮಾತನ್ನ ಯಾವಾಗ ಹೇಳ್ತಾರೆ ನೆನಪಿಸ್ಕೊಳ್ಳಿ. ಬಿಪಿ ನೋಡಿ, ಎಲ್ಲಾ ಕೇಳಿ, ನಾವು ಬಾಗಿಲ ಹತ್ರ ಹೋದ್ಮೇಲೆ, ಬೆನ್ನಿಗೆ, "ಸಿಸ್ಟರ್, ಒಂದು ನಿಮಿಷ..." ಅಂತ. ಮುಖ ನೋಡ್ಕೊಂಡು ಹೇಳೋಕಾಗದ್ದು ಬೆನ್ನಿಗೆ ಹೇಳಬಹುದು. ಇದನ್ನ ಕಾದಂಬರಿಲಿ ಎಲ್ಲಿ ಬೇಕಾದ್ರೂ ಬಳಸಿ, ಗಂಡ ಹೆಂಡತಿ ಕಾರಲ್ಲಿ ಪಕ್ಕಪಕ್ಕ ಕೂತಾಗ, ಮಗಳು ತಾಯಿಗೆ ಜಡೆ ಹಾಕೋವಾಗ. ಮತ್ತೆ ಕನ್ನಡದಲ್ಲಿ ಬರೆಯೋರಿಗೆ ಒಂದು ಬೋನಸ್ ಇದೆ, ನೀನು-ನೀವು. ಮನೇಲಿ ಹೆಂಡತಿಗೆ "ನೀನು" ಅನ್ನೋನು ಡಾಕ್ಟರ್ ಮುಂದೆ "ಇವರಿಗೆ" ಅಂತಾನೆ. ಜಗಳ ಜೋರಾದಾಗ "ನೀನು" ಹೋಗಿ ದಿಢೀರ್ ಅಂತ "ನೀವು" ಬರುತ್ತೆ, ಆ ಒಂದು ಅಕ್ಷರದಲ್ಲಿ ಎಷ್ಟು ದೂರ ಸರಿದ್ರು ಅಂತ ಗೊತ್ತಾಗುತ್ತೆ, ಅವನಿಗೆ ಕೋಪ ಬಂತು ಅಂತ ಬೇರೆ ಬರೆಯೋದೇ ಬೇಡ.

ಟೈಮು ಮತ್ತೆ ಮೈ

ಇಂಗ್ಲಿಷಲ್ಲಿ ಈ ಥರದ ಕಾದಂಬರಿ ಸಾಮಾನ್ಯವಾಗಿ 80,000ದಿಂದ 1,00,000 ಪದ ಇರುತ್ತೆ. ಕನ್ನಡದಲ್ಲಿ ಅಲ್ಲಿ-ಇಂದ-ಗೆ ಎಲ್ಲಾ ಪದಕ್ಕೇ ಅಂಟ್ಕೊಳ್ಳೋದ್ರಿಂದ ಅದೇ ಕಥೆ ಇನ್ನೂ ಕಮ್ಮಿ ಪದಕ್ಕೆ ಮುಗಿಯುತ್ತೆ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಅಂದ್ರೆ 1,500, ವರ್ಷಕ್ಕೆ 78,000. ಶಿಫ್ಟ್ ಮಾಡೋರಿಗೆ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬರೀರಿ ಅನ್ನೋ ಸಲಹೆ ಕೇಳಿದ್ರೆ ನಗು ಬರುತ್ತೆ, ಐದಕ್ಕೆ ನಾವು ಸ್ಯಾಂಪಲ್ ಕಲೆಕ್ಟ್ ಮಾಡ್ತಿರ್ತೀವಿ. ಹಾಗಾಗಿ ಗಡಿಯಾರ ಬಿಟ್ಟು ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ ಹಿಡ್ಕೊಳ್ಳಿ. ತಿಂಗಳ ರೋಸ್ಟರ್ ಬಂದ ದಿನವೇ ಬರೆಯೋ ದಿನಗಳನ್ನ ಗುರುತು ಹಾಕಿ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಬರೀಬೇಡಿ, ಮಲ್ಕೊಳ್ಳಿ, ಆ ಹೊತ್ತಲ್ಲಿ ಬರೆದಿದ್ದು ಅದ್ಭುತವಾಗಿದೆ ಅನ್ಸುತ್ತೆ, ಸಂಜೆ ಓದಿದ್ರೆ ಒಂದು ವಾಕ್ಯಕ್ಕೂ ಬಾಲ ಇರಲ್ಲ. ಕೆಲಸ ಬಿಟ್ಟು ಬರೀತೀನಿ ಅನ್ನೋ ಯೋಚನೆ ಇದ್ರೆ ಸ್ವಲ್ಪ ತಡೀರಿ, ಮೊದಲ ಪುಸ್ತಕದ ದುಡ್ಡಲ್ಲಿ ಮನೆ ನಡೆಯೋದು ತುಂಬಾ ಕಮ್ಮಿ ಜನಕ್ಕೆ. ನಾನು ಬಿಟ್ಟಿದ್ದು ಎರಡನೇ ಪುಸ್ತಕ ಆದ್ಮೇಲೆ, ಅದೂ ಪೂರ್ತಿ ಬಿಟ್ಟಿರ್ಲಿಲ್ಲ.

ಬರೀತಾ ಬರೀತಾ ಹಳೇದೆಲ್ಲ ಎದ್ದು ಬರುತ್ತೆ, ಇದನ್ನ ಯಾರೂ ಮೊದಲೇ ಹೇಳಲ್ಲ. ನನಗೆ ಒಂದು ಮಗುವಿನ ಸೀನ್ ಬರೆಯೋವಾಗ ಕೈ ನಡುಗಿ ನಿಂತೋಯ್ತು. ಜೇಮ್ಸ್ ಪೆನ್ನಬೇಕರ್ ಅನ್ನೋ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಮನಸ್ಸಿಗೆ ಆಘಾತ ಆದ ವಿಷ್ಯವನ್ನ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯೋದು, ಅದನ್ನ ಯಾರಿಗೂ ತೋರಿಸೋಕಲ್ಲ. ನಾನು ಅದನ್ನ ಹೀಗೆ ಬಳಸ್ಕೊಂಡೆ, ಆ ಥರದ ಬರವಣಿಗೆಗೆ ಬೇರೆ ನೋಟ್‌ಬುಕ್, ಕಾದಂಬರಿಗೆ ಬೇರೆ ಫೈಲು. ನೋಟ್‌ಬುಕ್ಕಲ್ಲಿ ಅಳಬಹುದು, ಬೈಬಹುದು, ಹೆಸರು ಮಾತ್ರ ಅಲ್ಲೂ ಬೇಡ. ಅಲ್ಲಿ ಖಾಲಿ ಆದ್ಮೇಲೆ ಕಾದಂಬರಿಗೆ ಬಂದ್ರೆ ನಾಯಕಿ ತನ್ನ ನೋವು ಹೇಳ್ಕೋತಾಳೆ, ಇಲ್ಲಾಂದ್ರೆ ನಿಮ್ಮ ನೋವಿಗೆ ಮೈಕ್ ಆಗ್ತಾಳೆ. ಬರೆದ ಮೇಲೂ ನಿದ್ದೆ ಕೆಡ್ತಾ ಇದ್ರೆ ಕೌನ್ಸೆಲರ್ ಹತ್ರ ಹೋಗಿ, ಬೇರೆಯವರಿಗೆ ನಾವು ಹೇಳ್ತಿದ್ದ ಸಲಹೆನೇ ಅಲ್ವಾ ಇದು.

ತಿದ್ದೋದು, ಕಳಿಸೋದು

ಡ್ರಾಫ್ಟ್ ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಮೂರು ಜನಕ್ಕೆ ಕೊಡಿ: ಒಬ್ಬರು ನರ್ಸ್, ಒಬ್ಬರು ಆಸ್ಪತ್ರೆ ಅಂದ್ರೆ ದೂರ ಓಡೋರು, ಒಬ್ಬರು ಈ ಥರದ ಕಾದಂಬರಿನ ತಿಂಗಳಿಗೆ ಎರಡು ಓದೋರು. ನರ್ಸಿಗೆ "ಯಾರಾದ್ರೂ ಗುರುತು ಸಿಕ್ರಾ?" ಅಂತ ಕೇಳಿ. ಎರಡನೆಯವರಿಗೆ "ಎಲ್ಲಿ ಅರ್ಥ ಆಗ್ಲಿಲ್ಲ?" ಮೂರನೆಯವರಿಗೆ "ಎಲ್ಲಿ ಪುಸ್ತಕ ಕೆಳಗಿಟ್ರಿ?" ಹೇಗಿದೆ ಅಂತ ಮಾತ್ರ ಯಾರನ್ನೂ ಕೇಳ್ಬೇಡಿ, ಚೆನ್ನಾಗಿದೆ ಅಂತಾರೆ, ಅಲ್ಲಿಗೆ ಮುಗೀತು.

ಪ್ರಕಾಶಕರಿಗೆ ಕಳಿಸೋ ಪತ್ರದಲ್ಲಿ ಕಥೆಯನ್ನ ಒಂದು ಪ್ಯಾರಾದಲ್ಲಿ ಹೇಳಿ, ಜೊತೆಗೆ ಕೊನೆ ಏನಾಗುತ್ತೆ ಅನ್ನೋದೂ ಸೇರಿ ಒಂದು ಪುಟದ ಸಾರಾಂಶ ಇಡಿ, ಸಸ್ಪೆನ್ಸ್ ಅಂತ ಕೊನೆ ಮುಚ್ಚಿಡಬೇಡಿ. "ಇಷ್ಟು ವರ್ಷ ನರ್ಸ್ ಆಗಿದ್ದೆ" ಅನ್ನೋದು ಒಂದೇ ಸಾಲು, ಕೊನೇಲಿ. "ಇದು ನಿಜವಾಗ್ಲೂ ನಡೆದ ಕಥೆ" ಅಂತ ಬರೆದ್ರೆ ಎಡಿಟರ್‌ಗೆ ಖುಷಿ ಆಗೋದಕ್ಕಿಂತ ಭಯ ಆಗೋದೇ ಜಾಸ್ತಿ. ಪುಸ್ತಕ ಹಾಕ್ತೀವಿ, ಇಷ್ಟು ದುಡ್ಡು ಕಟ್ಟಿ ಅಂತ ನಿಮ್ಮನ್ನೇ ಕೇಳಿದ್ರೆ ಸಹಿ ಹಾಕೋ ಮುಂಚೆ ಒಪ್ಪಂದವನ್ನ ತಿಳಿದವರಿಗೆ ತೋರಿಸಿ, ಔಷಧಿ ಕೊಡೋ ಮುಂಚೆ ಇನ್ನೊಬ್ಬರ ಹತ್ರ ಚೆಕ್ ಮಾಡಿಸ್ತೀವಲ್ಲ, ಹಾಗೆ.

ಕಳಿಸಿದ ಮೇಲೆ ತಿಂಗಳುಗಟ್ಟಲೆ ಉತ್ತರ ಬರದೇ ಇರಬಹುದು. ನನ್ನ ಮೊದಲನೇದಕ್ಕೆ ಏಳು ಕಡೆಯಿಂದ ಬೇಡ ಅಂತ ಬಂತು, ಎರಡು ಕಡೆಯಿಂದ ಅದೂ ಬರ್ಲಿಲ್ಲ. ಆ ಹೊತ್ತಿಗೆ ನಾನು ರಾಜೀನಾಮೆ ಕೊಟ್ಟು ಯೂನಿಫಾರ್ಮಲ್ಲಿ ಹೊರಡೋ ಹೆಂಗಸಿನ ಕಥೆಲಿ ಮೂರನೇ ಅಧ್ಯಾಯಕ್ಕೆ ಬಂದಿದ್ದೆ, ದಿನಾ ಬೆಳಿಗ್ಗೆ ಅವಳು ಎಲ್ಲಿಗೆ ಹೋಗಿ ಕೂರ್ತಾಳೆ ಅಂತ ಇನ್ನೂ ಗೊತ್ತಾಗಿರ್ಲಿಲ್ಲ.